ಮೊದಲು ಡಬ್ಬಿ ಕಟ್ಟುವುದನ್ನು ನಿಲ್ಲಿಸಿ

ಪ್ರಶ್ನೆ: ನನಗೆ 58 ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡೆ, ಹೋದ ವರ್ಷ ಅವರೂ ಹೋದರು. ಮಗ ಪುಣೆಯಲ್ಲಿ, ಮಗಳು ಅಮೆರಿಕದಲ್ಲಿ. ಎಂಟು ತಿಂಗಳ ಹಿಂದೆ ಒಂದು ಕೋಣೆಯನ್ನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುವ 27ರ ಹುಡುಗಿಗೆ ಕೊಟ್ಟೆ. ಅಕ್ಕಪಕ್ಕದಲ್ಲಿ ಇಂಥ ಕೋಣೆಗೆ 7,000 ಇದೆ, ಪಾಪ ಎಂದು ನಾನು 5,000 ಹೇಳಿದೆ. ಕಾಗದಪತ್ರ ಏನೂ ಇಲ್ಲ. ಅಡುಗೆಮನೆ ಇಬ್ಬರಿಗೂ ಒಂದೇ. ಒಂದು ದಿನ ಅವಳು, ‘ಆಂಟಿ, ನಿಮಗೇನಿಷ್ಟ? ಇವತ್ತು ನಾನು ಅಡುಗೆ ಮಾಡ್ತೀನಿ’ ಎಂದಳು. ಹೇಳಲು ನನಗೆ ಏನೂ ತೋಚಲಿಲ್ಲ, ಅಂದು ರಾತ್ರಿಯೆಲ್ಲ ಅಳುತ್ತಿದ್ದೆ. ಆಮೇಲೆ ಅಟ್ಟದ ಮೇಲಿದ್ದ ವೀಣೆ ಇಳಿಸಿದ್ದೇನೆ, ಇನ್ನೂ ಮುಟ್ಟಿಲ್ಲ. ಈಗ ದಿನಾ ಐದಕ್ಕೆ ಎದ್ದು ಅವಳಿಗೆ ತಿಂಡಿ ಮಾಡಿ ಡಬ್ಬಿ ಕಟ್ಟುತ್ತೇನೆ, ರಾತ್ರಿ ಬರುವವರೆಗೂ ಕಾಯುತ್ತೇನೆ. ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ಲು ಈಗ ಬರುತ್ತಿದೆ, ಕೇಳಲು ಸಂಕೋಚ. ಒಮ್ಮೊಮ್ಮೆ ಸುಮ್ಮನೆ ಕೋಪ ಬರುತ್ತದೆ, ಯಾರ ಮೇಲೆ ಅಂತ ಗೊತ್ತಿಲ್ಲ. ‘ಮನೇನ ಪಿಜಿ ಮಾಡಿದ್ದಾರೆ’ ಎಂದು ಮೈದುನ ಆಡಿಕೊಳ್ಳುತ್ತಾರೆ. ಮಗನಿಗೆ ಮುನಿಸು. ಮಗಳು ಬಾಣಂತನಕ್ಕೆ ಆರು ತಿಂಗಳು ಬಾ ಎನ್ನುತ್ತಿದ್ದಾಳೆ. ಹುಡುಗಿಯನ್ನು ಬಿಡಿಸಲೇ, ಇರಿಸಿಕೊಳ್ಳಲೇ? ನನಗೆ ಏನು ಬೇಕು ಎಂದು ನಾನು ಹೇಗೆ ಕಂಡುಕೊಳ್ಳಲಿ?

ಉತ್ತರ: ಹುಡುಗಿ ಇರಲಿ, ಡಬ್ಬಿ ಹೋಗಲಿ. ಉಳಿದದ್ದೆಲ್ಲ ಇದರ ವಿವರಣೆ.

‘ಏನಿಷ್ಟ ಎಂದು ಹೇಳಲಾಗಲಿಲ್ಲ’ ಎಂಬುದನ್ನೂ ‘ಐದಕ್ಕೆ ಎದ್ದು ಡಬ್ಬಿ ಕಟ್ಟುತ್ತೇನೆ’ ಎಂಬುದನ್ನೂ ನೀವು ಎರಡು ಬೇರೆ ಸಂಗತಿಗಳ ಹಾಗೆ ಬರೆದಿದ್ದೀರಿ. ಎರಡೂ ಒಂದೇ. ಯಜಮಾನರು, ಮಕ್ಕಳು, ಅತ್ತೆ ಎಂದು ಮೂವತ್ತು ಚಿಲ್ಲರೆ ವರ್ಷ ಇನ್ನೊಬ್ಬರ ಹಸಿವನ್ನು ಊಹಿಸುವುದೇ ನಿಮ್ಮ ಕೆಲಸವಾಗಿತ್ತು. ಮನೆ ಖಾಲಿಯಾದ ಮೇಲೆ ಊಹಿಸಲು ಯಾರೂ ಉಳಿಯಲಿಲ್ಲ. ಅಷ್ಟರಲ್ಲಿ ಒಬ್ಬಳು ಬಂದಳು, ನಿಂತುಹೋಗಿದ್ದ ಯಂತ್ರ ಮತ್ತೆ ತಿರುಗಿತು. ವ್ಯತ್ಯಾಸವೆಂದರೆ ಇವಳು ಡಬ್ಬಿ ಕೇಳಿಯೇ ಇಲ್ಲ. ಕೇಳಿದ್ದು ನಿಮಗೇನಿಷ್ಟ ಎಂದು. ಅದಕ್ಕೆ ಉತ್ತರ ಹುಡುಕುವುದು ಕಷ್ಟ, ಚಪಾತಿ ಲಟ್ಟಿಸುವುದು ಸುಲಭ. ಅದಕ್ಕೇ ನೀವು ಲಟ್ಟಣಿಗೆ ಹಿಡಿದಿರಿ.

ಹೀಗಾಗುವುದು ನಿಮ್ಮೊಬ್ಬರಿಗೇ ಅಲ್ಲ, ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಅಮೆರಿಕದ ಮನಃಶಾಸ್ತ್ರಜ್ಞೆ ಡೇನಾ ಜ್ಯಾಕ್ ಖಿನ್ನತೆಯಲ್ಲಿದ್ದ ಹೆಂಗಸರ ಮಾತುಗಳನ್ನು ಕೂತು ಕೇಳಿ, 1990ರ ದಶಕದ ಆರಂಭದಲ್ಲಿ 31 ಹೇಳಿಕೆಗಳ ಒಂದು ಅಳತೆಪಟ್ಟಿ ಮಾಡಿದರು. ಅದರಲ್ಲಿ ನಾಲ್ಕು ಎಳೆಗಳಿವೆ: ತನ್ನನ್ನು ಸದಾ ಬೇರೆಯವರ ಕಣ್ಣಿನಿಂದ ನೋಡಿಕೊಳ್ಳುವುದು, ಪ್ರೀತಿಯೆಂದರೆ ತನ್ನದನ್ನು ಬಿಟ್ಟುಕೊಡುವುದು ಎಂದು ನಂಬುವುದು, ಜಗಳವಾದೀತೆಂದು ಮಾತು ನುಂಗುವುದು, ಹೊರಗೆ ಹೂಂ ಎನ್ನುತ್ತ ಒಳಗೆ ಕುದಿಯುವುದು. ಯಾರ ಮೇಲೆಂದು ತಿಳಿಯದ ನಿಮ್ಮ ಕೋಪ ಈ ನಾಲ್ಕನೆಯದು. ಅದನ್ನು ಕೆಟ್ಟ ಗುಣವೆಂದು ಅದುಮಬೇಡಿ. ನಿಮಗೆ ಏನೋ ಬೇಕಿದೆ, ಅದು ಸಿಗುತ್ತಿಲ್ಲ ಎಂಬುದಕ್ಕೆ ಸದ್ಯಕ್ಕೆ ನಿಮ್ಮ ಬಳಿ ಇರುವ ಒಂದೇ ಸಾಕ್ಷಿ ಅದು. ಕೋಪ ಬಂದಾಗ ಗಂಟೆ ನೋಡಿ, ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡುತ್ತಿದ್ದಿರೆಂದು ಬರೆದಿಡಿ. ಬಹುಶಃ ಸಿಂಕಿನ ಮುಂದೆ ನಿಂತು ಅವಳ ಪಾತ್ರೆ ತೊಳೆಯುತ್ತಿರುತ್ತೀರಿ.

ಈಗ ಡಬ್ಬಿಯ ಲೆಕ್ಕ. ತಿಂಡಿ, ಡಬ್ಬಿ, ಆಮೇಲಿನ ಪಾತ್ರೆ ಸೇರಿ ದಿನಕ್ಕೆ ಒಂದೂವರೆ ಗಂಟೆ. ತಿಂಗಳಿಗೆ 26 ದಿನವೆಂದರೆ 39 ಗಂಟೆ. ಬಾಡಿಗೆಯಲ್ಲಿ ಬಿಟ್ಟದ್ದು 2,000. ದಿನಸಿ, ಗ್ಯಾಸು, ಕರೆಂಟು ಬೇರೆ. ಒಟ್ಟಿನಲ್ಲಿ ನೀವು ಕೋಣೆಯನ್ನು ಬಾಡಿಗೆಗೆ ಕೊಟ್ಟಿಲ್ಲ, ಒಬ್ಬಳನ್ನು ಸಾಕುವ ಅವಕಾಶವನ್ನು ದುಡ್ಡು ಕೊಟ್ಟು ಪಡೆದಿದ್ದೀರಿ. ಹಳೇ ಮೈಸೂರಿನಲ್ಲಿ ಬಡ ಹುಡುಗರಿಗೆ ವಾರಾನ್ನ ಹಾಕುತ್ತಿದ್ದರಲ್ಲ, ಅದಕ್ಕಾದರೂ ಒಂದು ಮನೆಗೆ ವಾರಕ್ಕೊಂದೇ ದಿನ ಎಂಬ ಕಟ್ಟು ಇತ್ತು.

ನಿಲ್ಲಿಸುವುದು ಹೇಗೆ? ಭಾನುವಾರ ಸಂಜೆ, ಇಬ್ಬರಿಗೂ ಬಿಡುವಿರುವಾಗ ಹೇಳಿ: ‘ನೋಡಮ್ಮ, ಡಬ್ಬಿ ನಾನಾಗಿ ಶುರು ಮಾಡಿದ್ದು. ನಾಳೆಯಿಂದ ಇರಲ್ಲ. ನಿನ್ನ ಮೇಲೆ ಏನೂ ಬೇಜಾರಿಲ್ಲ, ಬೆಳಗಿನ ಹೊತ್ತು ನನಗೆ ಬೇಕು.’ ಇಷ್ಟೇ. ಮಂಡಿನೋವು, ಸಕ್ಕರೆ ಕಾಯಿಲೆ ಎಂದು ನೆಪ ಹೇಳಬೇಡಿ. ನೆಪ ಹೇಳಿದರೆ ಅವಳು ‘ಅಯ್ಯೋ, ಹಾಗಾದ್ರೆ ನಾನೇ ಇಬ್ಬರಿಗೂ ಮಾಡ್ತೀನಿ ಆಂಟಿ’ ಎಂದಾಳು, ಆಗ ನೀವು ಎರಡರಷ್ಟು ಮಾಡಲು ಹೊರಡುತ್ತೀರಿ. ಇಲ್ಲಿ ಎಡವುವುದು ಮಾತಿನಲ್ಲಲ್ಲ, ಮಾತಾಡಿದ ಮೇಲೆ. ಬೆಳಿಗ್ಗೆ ಡಬ್ಬಿ ಇಲ್ಲವೆಂದು ಸಂಜೆಗೆ ಕೇಸರಿಬಾತು ಮಾಡಿಟ್ಟರೆ ಲೆಕ್ಕ ಅಲ್ಲಿಗಲ್ಲಿಗೆ.

ಮೊದಲ ಒಂದೆರಡು ವಾರ ಬೆಳಿಗ್ಗೆ ಏಳರ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಳು ನಿಂತಲ್ಲೇ ಬ್ರೆಡ್ ತಿಂದು ಓಡುವುದನ್ನು ನೋಡಿ ಕೈ ತಾನಾಗಿ ಬಾಣಲೆಯ ಕಡೆ ಹೋಗುತ್ತದೆ. ಆ ಸಂಕಟ ಏರಿ, ನಿಂತು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ನಡುವೆ ನೀವು ಎದ್ದು ದೋಸೆ ಹೊಯ್ದರೆ ತಕ್ಷಣ ಹಾಯೆನಿಸುತ್ತದೆ. ಆ ಹಾಯಿಯೇ ನಾಳೆಯ ಸಂಕಟವನ್ನು ಬಲಪಡಿಸುತ್ತದೆ, ಅಭ್ಯಾಸ ಬಿಡದಿರುವುದು ಅದಕ್ಕೇ. ಆದ್ದರಿಂದ ಆ ಅರ್ಧ ಗಂಟೆ ಅಡುಗೆಮನೆಯಲ್ಲಿ ಇರಬೇಡಿ. ವಾಕಿಂಗ್ ಹೊರಡಿ, ಕುಕ್ಕರಹಳ್ಳಿ ಕೆರೆ ನಿಮಗೆ ದೂರವಲ್ಲ.

ಅವಳಿಗೆ ಜ್ವರ ಬಂದರೆ? ಗಂಜಿ ಮಾಡಿಕೊಡಿ. ಮನೆಯಲ್ಲಿರುವ ಮನುಷ್ಯರಿಗೆ ಅಷ್ಟೂ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಜ್ವರ ಬಿಟ್ಟ ಮರುದಿನ ಗಂಜಿ ನಿಲ್ಲಲಿ. ಕೊಡುವ ಯಾವುದಕ್ಕೂ ಮುಗಿಯುವ ದಿನ ಇರಬೇಕು. ಇನ್ನೊಂದು ಪರೀಕ್ಷೆ: ನೀವು ಕೊಟ್ಟದ್ದನ್ನು ಅವಳು ‘ಬೇಡ ಆಂಟಿ’ ಎಂದರೆ ನಿಮಗೆ ಏನಾಗುತ್ತದೆ? ‘ಸರಿ’ ಎಂದು ನೀವೇ ತಿಂದರೆ ಅದು ಉಪಚಾರ. ಮನಸ್ಸು ಮುದುಡಿದರೆ ಅದಕ್ಕೆ ನೀವು ಹೇಳದ ಬೆಲೆಯೊಂದಿದೆ, ಅದನ್ನು ಅವಳಿಂದ ನಿರೀಕ್ಷಿಸುತ್ತಿದ್ದೀರಿ. ಈ ಬೆಲೆಯನ್ನು ಬಾಡಿಗೆ ಹುಡುಗಿ ತೀರಿಸಲಾರಳು, ಎರಡು ವರ್ಷದಲ್ಲಿ ಪ್ರಬಂಧ ಮುಗಿಸಿ ಹೊರಡುತ್ತಾಳೆ. ರಾತ್ರಿ ಕಾಯುವುದಕ್ಕೂ ಇದೇ ಮಾತು. ಬಾಗಿಲಿನ ಒಂದು ಬೀಗದಕೈ ಅವಳ ಬಳಿ ಇರಲಿ, ಹತ್ತು ಗಂಟೆ ಮೀರಿದರೆ ಒಂದು ಮೆಸೇಜ್ ಹಾಕಲಿ, ನೀವು ಮಲಗಿ.

ಅವಳು ಪರಕೀಯಳು, ದುಡ್ಡು ಕೊಟ್ಟು ಇರುವವಳು. ನಿಮಗೆ ಅವಳಿಂದ ಒಳ್ಳೆಯದಾಗುವುದಿದ್ದರೆ ಅದು ಇದರಿಂದಲೇ, ಅವಳನ್ನು ಮಗಳಾಗಿಸಿಕೊಂಡು ಇದನ್ನು ಕಳೆದುಕೊಳ್ಳಬೇಡಿ. ಮಗನಿಗೆ ‘ಆಗಲ್ಲ’ ಎನ್ನುವುದು ನಿಮಗೆ ಬೆಟ್ಟ. ಬಾಡಿಗೆಯವಳಿಗೆ ‘ಫ್ರಿಜ್ಜಿನ ಮೇಲಿನ ಖಾನೆ ನನ್ನದು’ ಎನ್ನುವುದು ಅಷ್ಟು ಕಷ್ಟವಲ್ಲ. ಚಿಕ್ಕ ‘ಇಲ್ಲ’ಗಳನ್ನು ಇಲ್ಲಿ ಕಲಿಯಿರಿ, ದೊಡ್ಡವು ಆಮೇಲೆ ಬರುತ್ತವೆ.

ಕರೆಂಟ್ ಬಿಲ್ಲಿನಿಂದ ಶುರು ಮಾಡಿ, ಅಲ್ಲಿ ಅಂಕಿ ಮಾತಾಡುತ್ತದೆ, ನೀವು ಹೆಚ್ಚು ಮಾತಾಡಬೇಕಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಮಿತಿ. (ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುತ್ತಾರೆ.) ಸರಾಸರಿ 80 ಇದ್ದರೆ ಮಿತಿ 88. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ದುಡ್ಡು, 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಅವಳ ಪಾಲು ಅಂದಾಜು ಮಾಡುವುದು ಸುಲಭ: 2,000 ವಾಟಿನ ಗೀಸರ್ ದಿನಕ್ಕೆ 20 ನಿಮಿಷ ಓಡಿದರೆ ತಿಂಗಳಿಗೆ 20 ಯೂನಿಟ್. ಇಂಡಕ್ಷನ್ ಒಲೆ 1,500 ವಾಟಿನಲ್ಲಿ ದಿನಕ್ಕೊಂದು ಗಂಟೆಯೆಂದರೆ 45. ಇವೆರಡರಲ್ಲೇ 65 ಆಯಿತು. ಆದರೆ ಅಂದಾಜಿನ ಮೇಲೆ ದುಡ್ಡು ಕೇಳುವುದು ನಿಮ್ಮಂಥ ಸಂಕೋಚದವರಿಗೆ ಆಗದ ಮಾತು. ಎಲೆಕ್ಟ್ರಿಷಿಯನ್ ಕರೆಸಿ ಅವಳ ಕೋಣೆ, ಅವಳ ಬಚ್ಚಲಿನ ಲೈನಿಗೆ ಒಂದು ಸಬ್ ಮೀಟರ್ ಹಾಕಿಸಿ. ವಿದ್ಯುತ್ ಕಂಪನಿ ಸೆಸ್ಕ್‌ನವರು ರೀಡಿಂಗ್‌ಗೆ ಬರುವ ದಿನವೇ ಅದರ ಅಂಕಿಯನ್ನೂ ಇಬ್ಬರೂ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಇಂಡಕ್ಷನ್ ಒಲೆಯನ್ನು ಅಡುಗೆಮನೆಯ ಪ್ಲಗ್ಗಿಗೆ ಹಾಕಿದರೆ ಸಬ್ ಮೀಟರಿಗೆ ಸಿಗುವುದಿಲ್ಲ, ಆ ಒಂದು ಪ್ಲಗ್ಗನ್ನೂ ಅದೇ ಲೈನಿಗೆ ಸೇರಿಸಲು ಹೇಳಿ.

ಅಡುಗೆಮನೆಯಲ್ಲಿ ಜಗಳ ಬರುವುದು ದೊಡ್ಡದಕ್ಕಲ್ಲ, ಸ್ಟವ್ ಒರೆಸದ್ದಕ್ಕೆ, ಕೊತ್ತಂಬರಿ ಖಾಲಿಯಾದದ್ದಕ್ಕೆ. ಅವಳಿಗೆ ಒಂದು ಕಪಾಟು, ಫ್ರಿಜ್ಜಿನಲ್ಲಿ ಒಂದು ಖಾನೆ, ಒಂದು ಒಲೆ ಬಿಟ್ಟುಕೊಡಿ. ಉಪ್ಪು, ಎಣ್ಣೆ, ಹಾಲು ಬೇರೆ ಬೇರೆ. ಪಾತ್ರೆ ಬಳಸಿದವರೇ ತೊಳೆಯಬೇಕು, ಅದೇ ರಾತ್ರಿ. ಅವಳು ಸಿಂಕಿನಲ್ಲಿ ಬಿಟ್ಟು ಹೋದರೆ ಒಂದು ಬಕೆಟ್ಟಿನಲ್ಲಿ ಹಾಕಿ ಪಕ್ಕಕ್ಕಿಡಿ, ತೊಳೆಯಬೇಡಿ. ತೊಳೆದು ಆಮೇಲೆ ಮುಖ ಊದಿಸಿಕೊಂಡು ಓಡಾಡುವುದಂತೂ ಬೇಡವೇ ಬೇಡ.

ಕರಾರು ಪತ್ರ ಇಲ್ಲದಿರುವುದು ಸರಿಯಲ್ಲ. ಛಾಪಾ ಕಾಗದದ ಮೇಲೆ 11 ತಿಂಗಳಿಗೆ ಮಾಡಿಸಿ, ಇಬ್ಬರು ಸಾಕ್ಷಿಗಳಿರಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು, 11ರ ರೂಢಿ ಬಂದದ್ದು ಅದರಿಂದ. ನೀವೂ ಅದೇ ಮನೆಯಲ್ಲಿರುವುದರಿಂದ ಪತ್ರವನ್ನು ಬಾಡಿಗೆ ಕರಾರು ಎನ್ನುವುದಕ್ಕಿಂತ ಅನುಮತಿ ಕರಾರು ಎಂದು, ಅಂದರೆ ‘ಲೀವ್ ಅಂಡ್ ಲೈಸೆನ್ಸ್’ ರೀತಿಯಲ್ಲಿ ಬರೆಸುವುದು ಮೇಲು. ಬಾಡಿಗೆದಾರರಿಗೆ ಜಾಗದ ಮೇಲೆ ಸ್ವಾಧೀನದ ಹಕ್ಕು ಬರುತ್ತದೆ, ಅನುಮತಿಯಲ್ಲಿ ಇರುವವರಿಗೆ ಬಳಸುವ ಹಕ್ಕಷ್ಟೇ. ಆದರೆ ತಲೆಬರಹ ಬದಲಿಸಿದರೆ ಸಾಲದು. ಕೋರ್ಟು ನೋಡುವುದು ಪತ್ರದ ಹೆಸರನ್ನಲ್ಲ, ಒಳಗಿನ ವ್ಯವಸ್ಥೆಯನ್ನು. ಸುಪ್ರೀಂ ಕೋರ್ಟು 1959ರಲ್ಲೇ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹಾಗೆ ಹೇಳಿದೆ. ಆದ್ದರಿಂದ ಮಾಲೀಕರು ಇದೇ ಮನೆಯಲ್ಲಿ ವಾಸವಿದ್ದಾರೆ, ಮುಂಬಾಗಿಲು, ಹಜಾರ, ಅಡುಗೆಮನೆ ಸಾಮಾನ್ಯ, ಕೋಣೆಯ ಒಂದು ಬೀಗದಕೈ ಮಾಲೀಕರ ಬಳಿ ಇರುತ್ತದೆ ಎಂದು ಸ್ಪಷ್ಟವಾಗಿ ಬರೆಸಿ.

ಹೊಸ ಕರಾರಿನಲ್ಲಿ 7,000 ಹಾಕಿ. ಒಂದೇ ಸಲ 2,000 ಏರಿಸಲು ಮನಸ್ಸು ಬಾರದಿದ್ದರೆ 6,000, ಮುಂದಿನ ಕರಾರಿಗೆ 7,000. ಮುಂಗಡ ಎರಡು ತಿಂಗಳ ಬಾಡಿಗೆ ಸಾಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಮನೆಗಳಿಗೆ ಅಷ್ಟೇ ಹೇಳುತ್ತದೆ, ಆದರೆ ಅದು ಮಾದರಿ, ರಾಜ್ಯ ಒಪ್ಪಿದಲ್ಲಿ ಮಾತ್ರ ಕಾನೂನು. ಆ ಮುಂಗಡವನ್ನು ಖರ್ಚು ಮಾಡದೆ ಠೇವಣಿಯಲ್ಲಿಡಿ, ಅವಳು ಹೊರಡುವ ದಿನ ಕೈಯಲ್ಲಿ ಇರಬೇಕು. ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸು. ಅತಿಥಿಗಳು ರಾತ್ರಿ ಉಳಿಯಬಹುದೇ, ತಿಂಗಳಿಗೆ ಎಷ್ಟು ದಿನ ಎಂಬುದೂ ಇರಲಿ. ಅವಳ ಗುರುತಿಗೆ ಮಾಸ್ಕ್ ಮಾಡಿದ (ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ) ಆಧಾರ್ ಪ್ರತಿ, ವಿಶ್ವವಿದ್ಯಾಲಯದ ಗುರುತಿನ ಚೀಟಿ ತೆಗೆದುಕೊಂಡು ಹತ್ತಿರದ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡಿ.

ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ, ನಿಮ್ಮ ವಕೀಲರು ನಕ್ಕರೂ ಪರವಾಗಿಲ್ಲ: ‘ಪ್ರತಿದಿನ ಬೆಳಿಗ್ಗೆ 6.30ರಿಂದ 7.15ರವರೆಗೆ ಮಾಲೀಕರು ಹಜಾರದಲ್ಲಿ ವೀಣೆ ಅಭ್ಯಾಸ ಮಾಡುತ್ತಾರೆ.’ ಬಾಡಿಗೆಯವರ ನಿಯಮಗಳನ್ನೆಲ್ಲ ಬರೆದು ಮಾಲೀಕರ ಅಗತ್ಯವನ್ನು ಮಾತ್ರ ಬಾಯಲ್ಲಿ ಬಿಟ್ಟರೆ, ಅವಳಿಗೆ ಪರೀಕ್ಷೆ ಬಂದ ಮೊದಲ ವಾರವೇ ನೀವು ‘ಪಾಪ, ಓದಿಕೊಳ್ಳಲಿ’ ಎಂದು ವೀಣೆಗೆ ಬಟ್ಟೆ ಹೊದಿಸುತ್ತೀರಿ.

ಇನ್ನು ವೀಣೆ. ಅದನ್ನು ಇಳಿಸಿಯೂ ಮುಟ್ಟದೆ ಇರುವುದಕ್ಕೆ ಭಯದ ಜೊತೆಗೆ ಬೇರೆ ಕಾರಣವೂ ಇರಬಹುದು: ವರ್ಷಗಟ್ಟಲೆ ಅಟ್ಟದಲ್ಲಿದ್ದ ವೀಣೆ ನುಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಅದರ 24 ಮೆಟ್ಟಿಲುಗಳು, ಅಂದರೆ ತಂತಿ ಒತ್ತಿ ನುಡಿಸುವ ಲೋಹದ ಪಟ್ಟಿಗಳು, ಕೂತಿರುವುದು ಜೇನುಮೇಣಕ್ಕೆ ಕಾಡಿಗೆ ಕಲಸಿ ಮಾಡಿದ ಕಪ್ಪು ಮೇಣದ ಮೇಲೆ. ಬೇಸಿಗೆಯ ಅಟ್ಟದ ಕಾವಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಒಂದು ಕೂದಲೆಳೆಯಷ್ಟು ಜಾರುತ್ತದೆ, ಒಣಗಿ ಬಿರುಕೂ ಬಿಡುತ್ತದೆ. ಆಮೇಲೆ ನೀವು ಎಷ್ಟೇ ಸರಿಯಾಗಿ ಬೆರಳಿಟ್ಟರೂ ಗಾಂಧಾರ ಅಪಸ್ವರವೇ. ಇಲ್ಲೇ ಹೆಂಗಸರು ‘ಬಿಡು, ಕೈ ಹೋಯ್ತು, ವಯಸ್ಸಾಯ್ತು’ ಎಂದು ಕೈಚೆಲ್ಲುವುದು. ಕೈಯದಲ್ಲ, ಮೇಣದ ತಪ್ಪು. ಒಂದು ಬೆಳಕಿನ ಜಾಗದಲ್ಲಿಟ್ಟು ನೋಡಿ: ಯಾವುದಾದರೂ ಮೆಟ್ಟಿಲು ಬೆರಳಿನಿಂದ ಒತ್ತಿದಾಗ ಅಲುಗುತ್ತಿದೆಯೇ, ತಂತಿ ಹಾಯುವ ಕುದುರೆ ನೆಟ್ಟಗಿದೆಯೇ, ತಂತಿ ಬಿಗಿಯುವ ಬಿರಡೆಗಳು ತಿರುಗುತ್ತವೆಯೇ, ಕೊಡದ ಮೇಲೆ ಸೀಳಿದೆಯೇ. ಮೆಟ್ಟಿಲು ಅಲುಗಿದರೆ ಮೇಳ ಹೊಸದಾಗಿ ಕಟ್ಟಿಸಬೇಕು, ಅಂದರೆ ಮೇಣ ಹಾಕಿ ಮೆಟ್ಟಿಲುಗಳನ್ನು ಮತ್ತೆ ಕೂರಿಸಬೇಕು, ಅದು ಗೊತ್ತಿರುವವರ ಕೆಲಸ, ಮೈಸೂರಿನಲ್ಲಿ ಮಾಡುವವರಿದ್ದಾರೆ. ಮನೆಯಲ್ಲಿ ಮೇಣದಬತ್ತಿ ಕರಗಿಸಿ ಅಂಟಿಸಲು ಹೋಗಬೇಡಿ. ತುಕ್ಕು ಹಿಡಿದ ತಂತಿಗಳನ್ನು, ನುಡಿಸುವ ನಾಲ್ಕು, ತಾಳದ ಮೂರು, ಏಳನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯವು ಒಂದೊಂದಾಗಿ ತುಂಡಾಗುತ್ತ ಬೆರಳಿಗೂ ಮನಸ್ಸಿಗೂ ಪೆಟ್ಟು. ಹೊಸ ತಂತಿಯನ್ನು ಮೊದಲ ದಿನವೇ ಪೂರ್ತಿ ಶ್ರುತಿಗೆ ಎಳೆಯದೆ ಸ್ವಲ್ಪ ತಗ್ಗಿಸಿಟ್ಟು ಎರಡು ಮೂರು ದಿನದಲ್ಲಿ ಏರಿಸಿ.

ಎಡಗೈಯ ತೋರುಬೆರಳು, ನಡುಬೆರಳಿನಲ್ಲಿ ತಂತಿಯೊತ್ತಿ ಬಿದ್ದ ಗೆರೆ ಮಾಯವಾಗಿರುತ್ತದೆ. ಮತ್ತೆ ಗಟ್ಟಿಯಾಗಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ದಿನಕ್ಕೆ 15 ನಿಮಿಷ, ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ, ಮಾಯಾಮಾಳವಗೌಳ ರಾಗದ ಸರಳೆವರಸೆ (ಮೊದಲ ಪಾಠ) ಒಂದನೇ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ. ಕಲಿತಿದ್ದ ವರ್ಣವನ್ನು ಮೊದಲ ವಾರ ಮುಟ್ಟಬೇಡಿ. ನೆನಪಿನಲ್ಲಿರುವ ನಿಮ್ಮ ಹಳೆಯ ಕೈಗೂ ಈಗಿನ ಕೈಗೂ ಇರುವ ಅಂತರ ಕೇಳಿಸಿಬಿಟ್ಟರೆ ವೀಣೆ ಮತ್ತೆ ಅಟ್ಟಕ್ಕೆ ಹೋಗುತ್ತದೆ. ಬೆರಳು ಕೂತ ಮೇಲೆ 45 ನಿಮಿಷಕ್ಕೆ ಏರಿಸಿ, ಆಮೇಲೆ ಒಬ್ಬ ಗುರುಗಳನ್ನು ಹುಡುಕಿ. ಹುಡುಗಿಗೆ ಪುಕ್ಕಟೆ ಪಾಠ ಹೇಳಿಕೊಡುವ ಯೋಚನೆ ಬಂದೇ ಬರುತ್ತದೆ. ಒಂದು ವರ್ಷ ತಡೆಯಿರಿ.

ಅಥವಾ ನಿಮಗೆ ವೀಣೆ ಬೇಕಿಲ್ಲದೆಯೂ ಇರಬಹುದು! ಮದುವೆಗೆ ಮುಂಚೆ ಇಷ್ಟವಾಗಿದ್ದದ್ದು 58ಕ್ಕೂ ಇಷ್ಟವಾಗಲೇಬೇಕೆಂದಿಲ್ಲ. ತಂದೆ ಕಲಿಯೆಂದರು, ಕಲಿತಿರಿ, ಅದೂ ಒಂದು ವಿಧೇಯತೆಯಾಗಿದ್ದೀತು. ಎರಡು ತಿಂಗಳು ಬಿಡದೆ ನುಡಿಸಿ, ಆಮೇಲೂ ಕೂರಲು ಮನಸ್ಸಾಗದಿದ್ದರೆ ಬಿಡಿ. ನಿಮ್ಮಲ್ಲಿ ಎಲ್ಲೋ ಒಂದು ಹಳೆಯ ‘ನಾನು’ ಹಾಗೇ ಮಡಚಿಟ್ಟಿದೆ, ತೆಗೆದು ಉಟ್ಟರಾಯಿತು ಎಂಬ ಕಲ್ಪನೆಯನ್ನು ನಾವು ಒಪ್ಪುವುದಿಲ್ಲ. ಇಷ್ಟ ಎಂಬುದು ಬಳಸುತ್ತ ಬಳಸುತ್ತ ಬೆಳೆಯುವಂಥದು.

ಬಳಸುವುದನ್ನು ಊಟದಿಂದ ಶುರು ಮಾಡಿ. ಹಿರಿಯರಿಗಾಗಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಅಡುಗೆಮನೆಗಳು ನಿಮ್ಮ ಕಡೆ ಬಹಳ. ನಿಮ್ಮದೂ ಹಾಗಿದ್ದರೆ, ಅದು ನಿಮ್ಮ ರುಚಿಯೋ ಅತ್ತೆಯ ಮಡಿಯೋ ಎಂದು ನಿಮಗೇ ಗೊತ್ತಿರಲಿಕ್ಕಿಲ್ಲ. ಅರ್ಧ ಪಾವು ತೊಗರಿಬೇಳೆ ಬೇಯಿಸಿ ಎರಡು ಪಾತ್ರೆಗೆ ಹಾಕಿ. ಒಂದರಲ್ಲಿ ಸಾಂಬಾರ್ ಈರುಳ್ಳಿ, ಇನ್ನೊಂದರಲ್ಲಿ ಬರೀ ಇಂಗಿನ ಒಗ್ಗರಣೆ. ಎರಡನ್ನೂ ಕೂತು ಉಂಡು, ಯಾವುದನ್ನು ಮತ್ತೆ ಬಡಿಸಿಕೊಂಡಿರಿ ಎಂದು ನೋಡಿ. ನಾಲಿಗೆ ಸುಳ್ಳು ಹೇಳುವುದಿಲ್ಲ, ಬಾಯಿ ಹೇಳುತ್ತದೆ. ಹೀಗೇ ಅನ್ನ ಎಷ್ಟು ಬೆಂದಿರಬೇಕು, ಕಾಫಿಗೆ ಎಷ್ಟು ಸಕ್ಕರೆ, ಫ್ಯಾನು ಎಷ್ಟರಲ್ಲಿ, ಕಿಟಕಿ ತೆರೆದೋ ಮುಚ್ಚಿಯೋ. ಒಂದು ತಿಂಗಳು ‘ಏನಾದ್ರೂ ಪರ್ವಾಗಿಲ್ಲ’ ಎಂಬ ಮಾತು ಬಾಯಿಂದ ಬರಕೂಡದು. ಯಾರಾದರೂ ಕಾಫಿಯೋ ಟೀಯೋ ಎಂದರೆ ಒಂದನ್ನು ಹೇಳಿ, ತಪ್ಪಾದರೂ ಸರಿ. ಹುಡುಗಿ ಅಡುಗೆ ಮಾಡುತ್ತೇನೆಂದು ಕೇಳಿದ್ದಳಲ್ಲ, ತಡವಾದರೂ ಹೋಗಿ ಒಂದು ಹೆಸರು ಹೇಳಿ ಮಾಡಿಸಿಕೊಂಡು ಉಣ್ಣಿ. ಅವಳು ಬಡಿಸುವಾಗ ಎದ್ದು ಸಹಾಯಕ್ಕೆ ಹೋಗದೆ ಕೂತಿರುವುದೇ ಅಂದಿನ ಪಾಠ.

ಇದರ ಜೊತೆಗೆ ಒಂದು ವಾರ ನೋಟ್‌ಬುಕ್ ಇಡಿ. ಎಡಕ್ಕೆ ಅರ್ಧರ್ಧ ಗಂಟೆ, ನಡುವೆ ಏನು ಮಾಡಿದಿರಿ, ಬಲಕ್ಕೆ ಯಾರಿಗಾಗಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97. ತುಂಬಿದ ಮನೆಯಲ್ಲಿ ಆ ಐದು ಗಂಟೆಗೆ ಅರ್ಥವಿದೆ. ಒಂಟಿ ಹೆಂಗಸಿನ ಪುಸ್ತಕದಲ್ಲೂ ಅಷ್ಟೇ ಬಂದರೆ, ಯಾರೂ ಕೇಳದ ಕೆಲಸ ಎಲ್ಲೆಲ್ಲಿದೆ ಎಂದು ಬಲಗಡೆಯ ಕಾಲಮ್ಮು ತೋರಿಸುತ್ತದೆ.

ಆ ಹುಡುಗಿಯ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಹುಟ್ಟಬಹುದು. 27ಕ್ಕೆ ನಿಮ್ಮ ಕಂಕುಳಲ್ಲಿ ಕೂಸಿತ್ತು, ಅವಳ ಕಂಕುಳಲ್ಲಿ ಲ್ಯಾಪ್‌ಟಾಪು. ನಾಚಿಕೆ ಪಡುವಂಥದೇನೂ ಅಲ್ಲ. ಅವಳ ಬದುಕಿನಲ್ಲಿ ನಿಮಗೆ ಚುಚ್ಚುವುದು ನಿಖರವಾಗಿ ಯಾವುದು ಎಂದು ಗುರುತಿಸಿ: ಓದೇ, ದುಡ್ಡೇ, ಒಬ್ಬಳೇ ಊರು ಸುತ್ತುವುದೇ. ಓದು ಎಂದಾದರೆ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ನಿಮ್ಮ ಮನೆಯ ಮಗ್ಗುಲಲ್ಲೇ ಇದೆ. ಅವಳ ಸುದ್ದಿಗಳನ್ನೇ ನಿಮ್ಮ ದಿನಚರಿ ಮಾಡಿಕೊಳ್ಳುವುದು ಮಾತ್ರ ಬೇಡ. ವಾರಕ್ಕೆ ಎರಡು ಸಲವಾದರೂ ಅವಳಿಗೆ ಸಂಬಂಧವಿಲ್ಲದ ಜನರನ್ನು ಮನೆಯ ಹೊರಗೆ ಕಾಣಿ.

ಮೈದುನರ ಮಾತಿನ ಹಿಂದೆ ಕಾನೂನಿನ ಗಂಟೊಂದಿರಬಹುದು, ಅದಕ್ಕೆ ಅದನ್ನು ಬರೀ ಕೊಂಕೆಂದು ಬಿಡುವಂತಿಲ್ಲ. ಮನೆ ಯಾರ ಹೆಸರಿನಲ್ಲಿದೆ? ಯಜಮಾನರ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು, ತಾಯಿ ನಾಲ್ವರಿಗೂ ಸಮಪಾಲು. ಅಂದರೆ ನಿಮ್ಮದು ಕಾಲು ಭಾಗ, ಅಂದು ಬದುಕಿದ್ದ ನಿಮ್ಮ ಅತ್ತೆಯದೂ ಕಾಲು. ಅವರೂ ಉಯಿಲಿಲ್ಲದೆ ಹೋಗಿದ್ದರೆ ಆ ಕಾಲು ಭಾಗ ಅವರ ಉಳಿದ ಮಕ್ಕಳಿಗೂ, ತೀರಿಕೊಂಡ ಮಗನ ಪಾಲಿನ ಲೆಕ್ಕದಲ್ಲಿ ನಿಮ್ಮ ಮಕ್ಕಳಿಗೂ ಹೋಗುತ್ತದೆ. ಒಂಬತ್ತು ವರ್ಷ ಅವರನ್ನು ನೋಡಿಕೊಂಡ ಸೊಸೆಗೆ ಅದರಲ್ಲಿ ಪಾಲಿಲ್ಲ, ಮೈದುನರಿಗೆ ಇದೆ. ಕಹಿಯಾದರೂ ತಿಳಿದಿರಬೇಕಾದ ಸಂಗತಿ. ಕ್ರಯಪತ್ರ, ಖಾತೆ, ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಹಿಡಿದುಕೊಂಡು ಸಿವಿಲ್ ವಕೀಲರೊಬ್ಬರನ್ನು ನೋಡಿ. ಮನೆ ನಿಮ್ಮದೇ ಹೆಸರಿನಲ್ಲಿದ್ದರೆ ಅಥವಾ ಉಯಿಲಿದ್ದರೆ ಈ ತಲೆನೋವಿಲ್ಲ. ಪಾಲುದಾರರಿದ್ದರೆ ಅವರ ಒಪ್ಪಿಗೆ ಬರಹದಲ್ಲಿರಲಿ, ಬಿಟ್ಟುಕೊಡುವವರಿದ್ದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲಿ.

‘ಎಲ್ಲ ಮಗನ ಹೆಸರಿಗೆ ಮಾಡಿಬಿಡುತ್ತೇನೆ, ನನಗ್ಯಾಕೆ’ ಎಂದು ಮಾತ್ರ ಸಹಿ ಹಾಕಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ಹಿಂಪಡೆಯುವ ದಾರಿಯಿದೆ. ಆದರೆ ಅದು 60 ದಾಟಿದವರಿಗೆ, ಷರತ್ತು ಪತ್ರದಲ್ಲೇ ಬರೆದಿದ್ದರೆ ವಾದಕ್ಕೆ ಬಲ. ನಿಮಗಿನ್ನೂ 58.

ಬಾಡಿಗೆಯ ದುಡ್ಡಿಗೆ ನಿಮ್ಮೊಬ್ಬರ ಹೆಸರಿನ ಬೇರೆ ಖಾತೆ ತೆರೆಯಿರಿ, ಪಿಂಚಣಿ ಖಾತೆಗೆ ಸೇರಿಸಬೇಡಿ. ಸೇರಿಸಿದರೆ ಕರಗಿ ಮನೆಖರ್ಚಾಗುತ್ತದೆ, ಮೊಮ್ಮಕ್ಕಳ ಉಡುಗೊರೆಯಾಗುತ್ತದೆ. ವರ್ಷಕ್ಕೆ 84,000 ಬಂದರೆ ಶೇ 30 ಕಳೆದು 58,800 ಆದಾಯವೆಂದು ತೋರಿಸಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಬೀಳುವ ಸಂಭವ ಕಡಿಮೆ. ಆ ದುಡ್ಡಿನಲ್ಲಿ ಮೊದಲು ವೀಣೆಯ ರಿಪೇರಿ.

ಮಗನ ಮುನಿಸಿಗೆ ಫೋನಿನಲ್ಲಿ ವಾದ ಬೇಡ. ಇಷ್ಟೇ ಹೇಳಿ: ‘ದುಡ್ಡಿಗೆ ಕೊಟ್ಟಿದ್ದಲ್ಲ ಕಣೋ, ನನಗೆ ಮನೇಲಿ ಜನ ಬೇಕು. ನೀನು ಬಂದ್ರೆ ನಿನ್ನ ರೂಮು ಹಾಗೇ ಇದೆ.’ ಅವನು ಮೂರು ಸಲ ಕೇಳಿದರೆ ಮೂರು ಸಲವೂ ಇದೇ ಮಾತಿನಲ್ಲಿ ಹೇಳಿ. ಹೊಸ ಹೊಸ ಕಾರಣ ಕೊಟ್ಟಷ್ಟೂ ಪಾಟೀಸವಾಲು ಬೆಳೆಯುತ್ತದೆ.

ದೇಹವನ್ನೂ ಒಮ್ಮೆ ತೋರಿಸಿಕೊಳ್ಳಿ. ರೋಗಿಯ ಸೇವೆಯ ವರ್ಷಗಳಲ್ಲಿ ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಂಡವರು ಕಡಿಮೆ. ಹಿಮೋಗ್ಲೋಬಿನ್, ಥೈರಾಯಿಡ್, ಸಕ್ಕರೆ, ಬಿ12, ರಕ್ತದೊತ್ತಡ ಇಷ್ಟು ಸಾಕು. ಥೈರಾಯಿಡ್ ಕುಸಿದರೂ ಬಿ12 ಕಡಿಮೆಯಾದರೂ ಏನೂ ಬೇಡವೆನಿಸುತ್ತದೆ, ಅದನ್ನು ಮನಸ್ಸಿನ ಖಾತೆಗೆ ಬರೆದುಕೊಂಡು ಕೂರಬಾರದು. ಎರಡು ವಾರ ಮೀರಿ ದಿನದ ಬಹುಪಾಲು ಖಿನ್ನತೆ, ಯಾವುದರಲ್ಲೂ ರುಚಿಯಿಲ್ಲ, ನಿದ್ದೆಯಿಲ್ಲ, ಬದುಕಿ ಏನೆಂಬ ಯೋಚನೆ ಬರುತ್ತಿದ್ದರೆ ಮೇಲೆ ಹೇಳಿದ ಯಾವ ಉಪಾಯವೂ ಸಾಲದು, ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದದ್ದು ಬಾಣಂತನ. ಹೋಗಬೇಡಿ ಎನ್ನುವುದಿಲ್ಲ, ಮಗಳ ಮಡಿಲಿನ ಕೂಸನ್ನು ನೋಡುವ ಆಸೆ ನಿಮ್ಮದೂ ಹೌದು. ಆರು ತಿಂಗಳು ಎಂಬುದು ಅಮೆರಿಕದ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಸಿಗುವ ಅವಧಿ, ಅಷ್ಟೂ ಇರಲೇಬೇಕೆಂಬ ನಿಯಮವಲ್ಲ. ಮೂರು ತಿಂಗಳು ಹೇಳಿ. ಹೆರಿಗೆಗೆ ಎರಡು ವಾರ ಮುಂಚೆ ಹೋದರೆ ಬಾಣಂತನದ ಮುಖ್ಯ ದಿನಗಳೆಲ್ಲ ಸಿಗುತ್ತವೆ, ಉಳಿದ ಮೂರು ತಿಂಗಳಿಗೆ ಅಳಿಯನ ತಾಯಿಯೂ ಇದ್ದಾರೆ, ಅಳಿಯನಿಗೂ ಕೈಯಿದೆ. ಅಲ್ಲಿನ ಆಸ್ಪತ್ರೆಯ ಖರ್ಚು ನೆನೆದು ಪ್ರವಾಸ ವಿಮೆ ಮಾಡಿಸಿಯೇ ವಿಮಾನ ಹತ್ತಿ. ಇಲ್ಲಿ ಹುಡುಗಿ ಒಬ್ಬಳೇ ಇರುವ ಮೂರು ತಿಂಗಳಿಗೆ ಕರಾರಿನಲ್ಲಿ ಒಂದು ಕಲಮು ಬೇಕು: ನಿಮ್ಮ ಕೋಣೆಗೆ ಬೀಗ, ರಾತ್ರಿ ಅತಿಥಿಗಳಿಲ್ಲ, ಬಿಲ್ಲು ಅವಳು ಕಟ್ಟಿ ನಿಮ್ಮ ಪಾಲನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದು, ತುರ್ತಿಗೆ ನೀವು ನಂಬುವ ನೆರೆಯವರ ನಂಬರು. ಒಡವೆ, ಕಾಗದಪತ್ರ ಬ್ಯಾಂಕ್ ಲಾಕರಿನಲ್ಲಿಡಿ. ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟನ್ನೂ ಮಾಡಿಸಿ, ಆ ತಾರೀಖನ್ನು ಮಗಳಿಗೂ ಹುಡುಗಿಗೂ ಈಗಲೇ ಹೇಳಿಡಿ.